ಹೆಸರು ಸೇರಿಸೋರು ಇದ್ದಾರೆ, ತೆಗೆಯೋರು ಯಾರು?

ನಮ್ಮೂರಿನ ಹೆಸರಿನಲ್ಲೇ ಒಂದು ಬ್ರಾಕೆಟ್ ಇದೆ. ಗೋರ್ಟಾ (ಬಿ). ಬೀದರ್ ಜಿಲ್ಲೆ, ಬಸವಕಲ್ಯಾಣದ ಕಡೆ. ‘ಬಿ’ ಅಂದ್ರೆ ಬುಜುರ್ಗ್, ದೊಡ್ಡದು. ‘ಕೆ’ ಅಂದ್ರೆ ಖುರ್ದ್, ಚಿಕ್ಕದು. ನಮ್ಮ ಕಡೆ ಬಿ ಇರೋ ಊರು, ಕೆ ಇರೋ ಊರು ಬೇಕಾದಷ್ಟು ಸಿಗ್ತವೆ. ಬೆಂಗಳೂರಿಗೆ ಬಂದ ಹೊಸದರಲ್ಲಿ ಯಾವ ಆನ್‌ಲೈನ್ ಫಾರ್ಮ್ ತುಂಬಿದರೂ ಈ ಬ್ರಾಕೆಟ್ ತಕರಾರು ತೆಗೆಯೋದು. ಹಾಗಾಗಿ ಒಂದು ದಾಖಲೆಯಲ್ಲಿ ನಾನು ಗೋರ್ಟಾದವನು, ಇನ್ನೊಂದರಲ್ಲಿ ಗೋರಟಾದವನು, ಮತ್ತೊಂದರಲ್ಲಿ ಗೋರ್ಟಾಬಿ ಅನ್ನೋ ಇಲ್ಲದ ಊರಿನವನು. ಹೆಸರು ತಾಳೆಯಾಗದೆ ನನಗಾದ ನಷ್ಟ ಅಂದ್ರೆ, ಹೆಚ್ಚೆಂದರೆ ಒಂದೆರಡು ಕೊರಿಯರ್ ವಾಪಸ್ ಹೋಗಿರಬಹುದು.

ನನ್ನ ಗೆಳೆಯನೊಬ್ಬನಿಗೆ ಹೆಸರು ತಾಳೆಯಾಗಿದ್ದೇ ಕಷ್ಟಕ್ಕೆ ಬಂತು.

ಪಿಯುಸಿಯಲ್ಲಿ ನನ್ನ ಪಕ್ಕದಲ್ಲೇ ಕೂರ್ತಿದ್ದವನು. ಈಗ ಗಲ್ಫ್‌ನಲ್ಲಿ ಅಕೌಂಟೆಂಟ್. ನಮ್ಮ ಸೀಮೆಯಲ್ಲಿ ಅವನ ಹೆಸರು ಇಟ್ಟುಕೊಂಡವರು ಸಾವಿರಾರು ಜನ ಇದ್ದಾರೆ. ಪ್ರತಿ ಸಲ ಊರಿಗೆ ಬರುವಾಗ ಏರ್‌ಪೋರ್ಟಿನ ಇಮಿಗ್ರೇಶನ್ ಕೌಂಟರಿನಲ್ಲಿ ಪಾಸ್‌ಪೋರ್ಟ್ ಕೊಟ್ಟ ಮೇಲೆ ಎದುರಿನವರ ಮುಖ ಸ್ವಲ್ಪ ಬದಲಾಗುತ್ತಂತೆ. “ಸ್ವಲ್ಪ ಆ ಕಡೆ ಕೂತ್ಕೊಳ್ಳಿ ಸಾರ್.” ಎರಡು ಗಂಟೆ, ಮೂರು ಗಂಟೆ. ಆಮೇಲೆ ಬಿಡ್ತಾರೆ. ಯಾರೂ ಬೈಯಲ್ಲ, ಯಾರೂ ಹೊಡೆಯಲ್ಲ. ಅವನಿಗೂ ರೂಢಿಯಾಗಿತ್ತು. ಅವನ ಅಪ್ಪ ತೀರಿಕೊಂಡ ದಿನ ಮಾತ್ರ ಆ ನಾಲ್ಕು ಗಂಟೆ ದುಬಾರಿಯಾಯಿತು. ಅವರಲ್ಲಿ ಮಣ್ಣು ಮಾಡೋದನ್ನ ತಡ ಮಾಡಲ್ಲ. ಇವನು ಬಸವಕಲ್ಯಾಣ ಮುಟ್ಟೋ ಹೊತ್ತಿಗೆ ಎಲ್ಲಾ ಮುಗಿದಿತ್ತು.

ಮಾತಾಡಿಸೋಕೆ ಹೋದಾಗ ಅವನು ಅಳಲಿಲ್ಲ. ಮೂರು ಪ್ರಶ್ನೆ ಕೇಳಿದ. “ನೀ ಕಂಪ್ಯೂಟರ್ ಮಂದಿ ಇದ್ದೀಯಲ್ಲೋ, ಹೇಳು. ನನ್ನ ಹೆಸರು ಯಾರ್ ಹಾಕ್ಯಾರ? ಯಾಕ್ ಹಾಕ್ಯಾರ? ತೆಗೀರಿ ಅಂತ ಯಾರಿಗ್ ಕೇಳಬೇಕು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕಿಂತ ಹೆಚ್ಚು ಕಸಿವಿಸಿಯಾಗಿದ್ದು ಬೇರೆ ಕಾರಣಕ್ಕೆ. ನಾನು ಮಾಡ್ತಿದ್ದ ಕೆಲಸ ಅದೇ ಜಾತಿಯದು. ಏರ್‌ಪೋರ್ಟಿಗಲ್ಲ, ಬ್ಯಾಂಕಿಂಗ್ ಕ್ಲೈಂಟ್ ಒಬ್ಬರಿಗೆ. ಖಾತೆ ತೆರೆಯೋಕೆ ಬಂದವರ ಹೆಸರನ್ನ ಭಯೋತ್ಪಾದನೆಗೆ ಸಂಬಂಧಿಸಿದ ನಿರ್ಬಂಧ ಪಟ್ಟಿಗಳ ಜೊತೆ ಹೋಲಿಸಿ ನೋಡೋ ಸಾಫ್ಟ್‌ವೇರ್.

ಈ ಹೋಲಿಕೆ ಹೇಗೆ ನಡೆಯುತ್ತೆ ಅಂತ ಹೇಳಿಬಿಡ್ತೀನಿ. ಮೊಹಮ್ಮದ್ ಅನ್ನೋ ಹೆಸರನ್ನ ಇಂಗ್ಲಿಷಿನಲ್ಲಿ ಹತ್ತಾರು ಥರ ಬರೀತಾರೆ. ಪಾಟೀಲ, ಗೌಡ ಅನ್ನೋ ಹೆಸರುಗಳೂ ಅಷ್ಟೇ. ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು ಅಂದ್ರೆ ನಿಜವಾದ ಅಪರಾಧಿ ಒಂದು ‘ಎ’ ಬದಲು ‘ಇ’ ಹಾಕಿ ಪಾರಾಗ್ತಾನೆ. ಅದಕ್ಕೆ ಎರಡು ಹೆಸರು ಎಷ್ಟು ಹತ್ತಿರ ಅಂತ 100ಕ್ಕೆ ಒಂದು ಅಂಕ ಕೊಡ್ತೀವಿ. ಇಂತಿಷ್ಟು ಅಂಕ ದಾಟಿದರೆ ಕೆಂಪು ಗುರುತು. ನಾವು 85 ಇಟ್ಟಿದ್ವಿ. ಒಂದು ಟೆಸ್ಟಿನಲ್ಲಿ ಪಟ್ಟಿಯಲ್ಲಿದ್ದ ಒಂದು ಹೆಸರು ತಪ್ಪಿಸಿಕೊಂಡಿತು ಅಂತ 80ಕ್ಕೆ ಇಳಿಸಿದ್ವಿ. ಒಂದೇ ಸಾಲಿನ ಬದಲಾವಣೆ. ಮಾಡಿದವನು ನಾನೇ. ಎಲ್ಲರಿಗೂ ಖುಷಿ. ಹೊಸದಾಗಿ ಕೆಂಪು ಗುರುತು ಬಿದ್ದ ಅಮಾಯಕರು ಎಷ್ಟು ಜನ ಅಂತ ಆ ಮೀಟಿಂಗಿನಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಅಂತ ಆಮೇಲೆ ಯೋಚಿಸಿದೆ. ಒಬ್ಬ ಕಳ್ಳ ತಪ್ಪಿಸಿಕೊಂಡರೆ ನಮ್ಮ ಕುತ್ತಿಗೆಗೆ ಬರುತ್ತೆ. ಸುಮ್ಮನೆ ಸಿಕ್ಕಿಹಾಕಿಕೊಂಡವನಿಂದ ನಮಗೆ ಏನೂ ಆಗಲ್ಲ. ಅವನಿಗೆ ನಾವು ಯಾರು ಅಂತಲೇ ಗೊತ್ತಿಲ್ಲ. ಒಂದು ಕಡೆಯ ತಪ್ಪಿಗೆ ಶಿಕ್ಷೆ, ಇನ್ನೊಂದು ಕಡೆಯ ತಪ್ಪಿಗೆ ಲೆಕ್ಕವೇ ಇಲ್ಲ ಅಂದ್ರೆ ಪಟ್ಟಿ ಯಾವ ಕಡೆಗೆ ಬೆಳೆಯುತ್ತೆ ಹೇಳಿ? ಅದಕ್ಕೆ ಯಾರೂ ಕೆಟ್ಟವರಾಗಬೇಕಿಲ್ಲ.

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ, ಅಂಕಿಗಳು ಬರೀ ಉದಾಹರಣೆಗೆ. ಒಂದು ಲಕ್ಷ ಜನ ಪ್ರಯಾಣಿಕರು, ಅವರಲ್ಲಿ ನಿಜಕ್ಕೂ ಅಪಾಯಕಾರಿಗಳು 10 ಜನ ಅಂತಿಟ್ಟುಕೊಳ್ಳಿ. ನಮ್ಮ ಯಂತ್ರ ಆ ಹತ್ತೂ ಜನರನ್ನ ಹಿಡಿಯುತ್ತೆ, ಉಳಿದವರಲ್ಲಿ 100ಕ್ಕೆ ಒಬ್ಬರ ವಿಷಯದಲ್ಲಿ ಮಾತ್ರ ತಪ್ಪುತ್ತೆ. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಪಕ್ಕದ ಕೋಣೆಯಲ್ಲಿ ಕೂತವರು ಸುಮಾರು 1,010 ಜನ. ಅದರಲ್ಲಿ 1,000 ಜನ ನನ್ನ ಗೆಳೆಯನಂಥವರು.

ಯಂತ್ರದ ತಪ್ಪು ಹಾಗಿರಲಿ, ಮನುಷ್ಯರದೂ ಇರುತ್ತೆ. ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್‌ಡಿ ಮಾಡ್ತಿದ್ದ ಮಲೇಷ್ಯಾದ ರಹೀನಾ ಇಬ್ರಾಹಿಂ ಅವರನ್ನ 2005ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಏರ್‌ಪೋರ್ಟಿನಲ್ಲಿ ತಡೆದು ಬಂಧಿಸಿದರು. ಅವರ ಹೆಸರು ಅಮೆರಿಕದ ‘ನೋ ಫ್ಲೈ’ ಪಟ್ಟಿಯಲ್ಲಿತ್ತು. ವರ್ಷಗಟ್ಟಲೆ ಕೋರ್ಟ್ ಅಲೆದ ಮೇಲೆ, 2014ರಲ್ಲಿ ತೀರ್ಪು ಬಂದಾಗ ಗೊತ್ತಾಗಿದ್ದೇನು? 2004ರಲ್ಲಿ ಎಫ್‌ಬಿಐ ಅಧಿಕಾರಿಯೊಬ್ಬ ಫಾರ್ಮಿನ ಸೂಚನೆಯನ್ನ ತಪ್ಪಾಗಿ ಅರ್ಥ ಮಾಡಿಕೊಂಡು ತಪ್ಪು ಚೌಕಕ್ಕೆ ಟಿಕ್ ಹಾಕಿದ್ದ. ಅಷ್ಟೇ. ಆ ತಪ್ಪು ಅವನಿಗೇ ತಿಳಿದಿದ್ದು 2013ರಲ್ಲಿ, ವಕೀಲರು ಕೂರಿಸಿ ಪ್ರಶ್ನೆ ಕೇಳಿದಾಗ.

ಇಷ್ಟು ಓದಿ “ಹಾಗಾದ್ರೆ ಪಟ್ಟಿಯೇ ಬೇಡವಾ?” ಅಂತ ಕೇಳ್ತೀರಿ. ನಮ್ಮೂರಿನವನಾಗಿ ನಾನು ಹಾಗೆ ಹೇಳಲಾರೆ.

1948ರ ಮೇ ತಿಂಗಳಲ್ಲಿ ರಜಾಕಾರರು ಗೋರ್ಟಾಕ್ಕೆ ನುಗ್ಗಿ ಸುಮಾರು 200 ಜನರನ್ನ ಕೊಂದರು. ದಕ್ಷಿಣದ ಜಲಿಯನ್‌ವಾಲಾಬಾಗ್ ಅಂತ ಭಾಷಣಗಳಲ್ಲಿ ಕೇಳಿರ್ತೀರಿ. 2023ರ ಮಾರ್ಚ್‌ನಲ್ಲಿ ಅಲ್ಲಿ ಹುತಾತ್ಮರ ಸ್ಮಾರಕದ ಉದ್ಘಾಟನೆಯಾಯಿತು, 103 ಅಡಿ ಎತ್ತರದ ಧ್ವಜ ಏರಿತು. ನಮ್ಮ ಆಯಿಗೆ ಆಗ ಹತ್ತು ವರ್ಷ. ದೊಡ್ಡ ವಾಡೆಯೊಂದರೊಳಗೆ ಊರ ಜನರ ನಡುವೆ ಉಸಿರು ಬಿಗಿಹಿಡಿದು ಕೂತವಳು. ಅವಳು ಹೇಳ್ತಿದ್ದಿದ್ದು ಒಂದೇ ಮಾತು: “ಬರ್ತಾರಂತ ಎಲ್ಲರಿಗೂ ಗೊತ್ತಿತ್ತು. ಕಾಯೋರು ಯಾರೂ ಇರಲಿಲ್ಲ.” ಕಾಯಬೇಕಾದ ಸರ್ಕಾರ ಕಣ್ಣು ಮುಚ್ಚಿಕೊಂಡರೆ ಏನಾಗುತ್ತೆ ಅಂತ ನಮ್ಮೂರಿಗೆ ಪುಸ್ತಕ ಓದಿ ತಿಳಿಯಬೇಕಿಲ್ಲ. ಸತ್ತವರಿಗೆ ಮೇಲ್ಮನವಿ ಅನ್ನೋದು ಇಲ್ಲ. ಅಪಾಯ ಯಾರಿಂದ ಅಂತ ಮೊದಲೇ ತಿಳಿದುಕೊಳ್ಳೋದು ಸರ್ಕಾರದ ಕರ್ತವ್ಯ. ಅದನ್ನ ಹಗುರಾಗಿ ಮಾತಾಡೋರನ್ನ ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತೆ.

ಆದರೆ ಆ ವರ್ಷ ಮೇ ತಿಂಗಳಿಗೇ ಮುಗಿಯಲಿಲ್ಲ. ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆಯಾಯಿತು, ಹೈದರಾಬಾದ್ ಭಾರತಕ್ಕೆ ಸೇರಿತು. ಆಮೇಲಿನ ವಾರಗಳಲ್ಲಿ ‘ರಜಾಕಾರ’ ಅನ್ನೋ ಒಂದು ಪದ ಸಾಕಾಯಿತು. ಯಾರು ನಿಜಕ್ಕೂ ಬಂದೂಕು ಹಿಡಿದಿದ್ದರು, ಯಾರು ಬರೀ ಅದೇ ಧರ್ಮದವರು ಅಂತ ವಿಚಾರಿಸೋ ವ್ಯವಧಾನ ಇರಲಿಲ್ಲ. ನೆಹರೂ ಸರ್ಕಾರ ಕಳಿಸಿದ ಪಂಡಿತ್ ಸುಂದರ್‌ಲಾಲ್ ಸಮಿತಿ ಆ ವರ್ಷದ ಕೊನೆಯಲ್ಲಿ ಊರೂರು ಸುತ್ತಿ, 27,000ದಿಂದ 40,000 ಜನ ಸತ್ತಿರಬಹುದು ಅಂತ ಅಂದಾಜು ಮಾಡಿತು. ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ನಮ್ಮ ಬೀದರ್ ಮತ್ತು ಗುಲ್ಬರ್ಗಾ ಎರಡೂ ಇದ್ದವು. ಆ ವರದಿಯನ್ನ ದಶಕಗಟ್ಟಲೆ ಹೊರಗೆ ಬಿಡಲಿಲ್ಲ. ಆಯಿ ಈ ಎರಡನೇ ಕಥೆಯನ್ನ ಬಹಳ ವರ್ಷ ಹೇಳಿರಲಿಲ್ಲ. ನಮ್ಮ ಬಂಡಿಯ ಗಾಲಿ ರಿಪೇರಿ ಮಾಡ್ತಿದ್ದ ಚಾಚಾ ಒಬ್ಬರನ್ನ ಯಾರೋ ಬೆರಳು ತೋರಿಸಿದರು, ಕರಕೊಂಡು ಹೋದರು, ಅವರು ವಾಪಸ್ ಬರಲಿಲ್ಲ. “ಅಂವ ಏನ್ ಮಾಡಿದ್ದ ಅಂತ ಯಾರೂ ಕೇಳಲಿಲ್ಲ ನೋಡಪ್ಪ.” ಅದೂ ಒಂದು ಪಟ್ಟಿಯೇ. ಕಾಗದದ ಮೇಲೆ ಇರಲಿಲ್ಲ, ಅಷ್ಟೇ.

ಎರಡೂ ಕಥೆ ಒಂದೇ ಬಾಯಿಂದ ಕೇಳಿದ್ದರಿಂದ ನನಗೆ ಒಂದನ್ನ ಮುಂದಿಟ್ಟು ಇನ್ನೊಂದನ್ನ ಮುಚ್ಚಿಡೋಕೆ ಆಗಲ್ಲ.

ಅನುಮಾನ ಪಡೋದೇ ತಪ್ಪಲ್ಲ. ಅನುಮಾನ ಎಷ್ಟು ಬೇಗ ಪರೀಕ್ಷೆಗೆ ಒಳಗಾಗುತ್ತೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ನಮ್ಮ ಕರ್ನಾಟಕದವರೇ ಆದ ಇಬ್ಬರನ್ನ ನೋಡಿ. ಮೂಡಿಗೆರೆಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಓದಿದ ಡಾಕ್ಟರ್ ಮೊಹಮ್ಮದ್ ಹನೀಫ್ ಅವರನ್ನ 2007ರ ಜುಲೈ 2ರಂದು ಬ್ರಿಸ್ಬೇನ್ ಏರ್‌ಪೋರ್ಟಿನಲ್ಲಿ ಬಂಧಿಸಿದರು. ಗ್ಲಾಸ್ಗೋ ದಾಳಿ ನಡೆದು ಎರಡು ದಿನವಾಗಿತ್ತು. ದಾಳಿ ಮಾಡಿದವನು ಇವರ ಸಂಬಂಧಿ. ಇವರ ಸಿಮ್ ಕಾರ್ಡ್ ದಾಳಿಯ ಜೀಪಿನಲ್ಲಿ ಸಿಕ್ಕಿದೆ ಅಂತ ಕೋರ್ಟಿಗೆ ಹೇಳಲಾಯಿತು. ನಿಜಕ್ಕೂ ಅದು ಇದ್ದಿದ್ದು ಲಿವರ್‌ಪೂಲ್‌ನಲ್ಲಿ, ಇನ್ನೊಬ್ಬ ಸಂಬಂಧಿಯ ಹತ್ತಿರ. ವಕೀಲರು, ಪತ್ರಿಕೆಗಳು, ಕೋರ್ಟು ಎಲ್ಲಾ ಸೇರಿ ಕೆದಕಿದ್ದಕ್ಕೆ ಜುಲೈ 27ಕ್ಕೆ ಆರೋಪ ವಾಪಸ್ ಪಡೆದರು. ಆಮೇಲೆ ಆ ದೇಶ ವಿಚಾರಣಾ ಆಯೋಗ ಕೂರಿಸಿತು, 2010ರಲ್ಲಿ ಪರಿಹಾರವನ್ನೂ ಕೊಟ್ಟಿತು.

ಇನ್ನೊಬ್ಬರು ಗುಲ್ಬರ್ಗಾದ ನಿಸಾರುದ್ದೀನ್ ಅಹ್ಮದ್. ಎರಡನೇ ವರ್ಷದ ಫಾರ್ಮಸಿ ವಿದ್ಯಾರ್ಥಿ. 1993ರ ಡಿಸೆಂಬರ್‌ನ ರೈಲು ಸ್ಫೋಟಗಳ ಸಂಬಂಧ 1994ರ ಜನವರಿಯಲ್ಲಿ ಹಿಡಿದುಕೊಂಡು ಹೋದರು. ಸುಪ್ರೀಂ ಕೋರ್ಟ್ ನಿರ್ದೋಷಿ ಅಂತ ಬಿಡುಗಡೆ ಮಾಡಿದ್ದು 2016ರ ಮೇ ತಿಂಗಳಲ್ಲಿ. ಅವರ ಮೇಲೆ ಹಾಕಿದ್ದ ‘ಟಾಡಾ’ ಕಾಯ್ದೆಯ ಅವಧಿ 1995ರಲ್ಲೇ ಮುಗಿದು ಕಾಯ್ದೆ ಇಲ್ಲವಾಗಿತ್ತು. ಅವರು ಮಾತ್ರ ಒಳಗೇ ಉಳಿದರು.

ಎರಡೂ ಕಡೆ ಅನುಮಾನದಿಂದಲೇ ಶುರುವಾಯಿತು. ಒಂದು ಕಡೆ 25 ದಿನ, ಇನ್ನೊಂದು ಕಡೆ 22 ವರ್ಷ ದಾಟಿತು. ಇವು ಪಟ್ಟಿಯ ಪ್ರಕರಣಗಳಲ್ಲ, ಬಂಧನದ ಪ್ರಕರಣಗಳು ಅಂತ ನೀವು ಹೇಳಬಹುದು. ನಿಜ. ಬಂಧನವಾದಾಗ ಕಡೇಪಕ್ಷ ಒಂದು ಎಫ್‌ಐಆರ್ ಇರುತ್ತೆ, ಒಬ್ಬ ಜಡ್ಜ್ ಇರ್ತಾರೆ. ಅಷ್ಟಿದ್ದೂ ಹೀಗಾದರೆ, ಏನೂ ಇಲ್ಲದ ಪಟ್ಟಿಯಲ್ಲಿ ಸಿಕ್ಕಿದವನ ಗತಿ ಏನು?

ನಮ್ಮ ಕಾನೂನಿನಲ್ಲಿ ಇದಕ್ಕೆ ಉತ್ತರ ಇಲ್ಲ ಅಂತಲ್ಲ. 1977ರಲ್ಲಿ ಮನೇಕಾ ಗಾಂಧಿಯವರ ಪಾಸ್‌ಪೋರ್ಟ್ ಕಿತ್ತುಕೊಂಡು, ಕಾರಣ ಹೇಳಲ್ಲ ಅಂದಾಗ, 1978ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಒಬ್ಬನ ಸ್ವಾತಂತ್ರ್ಯಕ್ಕೆ ಕೈ ಹಾಕೋ ಕ್ರಮ ನ್ಯಾಯಯುತವಾಗಿರಬೇಕು, ಅವನ ಮಾತು ಕೇಳಬೇಕು. ಮೊದಲೇ ಕೇಳಿದರೆ ಕೆಲಸ ಕೆಡುತ್ತೆ ಅನ್ನೋ ಹಾಗಿದ್ದರೆ ಕ್ರಮ ಕೈಗೊಂಡ ತಕ್ಷಣವಾದರೂ ಕೇಳಬೇಕು. 2015ರ ಜನವರಿಯಲ್ಲಿ ಲಂಡನ್ ವಿಮಾನ ಹತ್ತಲು ಹೊರಟ ಪ್ರಿಯಾ ಪಿಳ್ಳೈ ಅನ್ನೋ ಪರಿಸರ ಕಾರ್ಯಕರ್ತೆಯನ್ನ ಲುಕ್‌ಔಟ್ ಸರ್ಕ್ಯುಲರ್ ಹೆಸರಲ್ಲಿ ತಡೆದಾಗ, ಎರಡೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಅದನ್ನ ರದ್ದು ಮಾಡಿತು.

ಆದರೆ ಅದೇ ಲುಕ್‌ಔಟ್ ಸರ್ಕ್ಯುಲರ್ ನಿಯಮಗಳಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಬೇರೆ ಸಂಗತಿ. 2010ರ ಸೂಚನೆಗಳ ಪ್ರಕಾರ ಸಾಮಾನ್ಯವಾಗಿ ಒಂದು ಸರ್ಕ್ಯುಲರ್‌ಗೆ ಒಂದು ವರ್ಷದ ಆಯಸ್ಸು. ಹಾಕಿಸಿದವರು ಮುಂದುವರಿಸಿ ಅಂತ ಕೇಳದಿದ್ದರೆ ತಾನಾಗೇ ಹೋಗ್ತಿತ್ತು. 2021ರಲ್ಲಿ ಅದು ತಿರುಗಾಮುರುಗಾ ಆಯಿತು. ಹಾಕಿಸಿದವರೇ ತೆಗೆಯಿರಿ ಅಂತ ಹೇಳೋ ತನಕ ಅದು ಇದ್ದೇ ಇರುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಡಿಫಾಲ್ಟ್ ಬದಲಾಯಿತು. ಮೊದಲು ಸುಮ್ಮನಿದ್ದರೆ ಹೆಸರು ಅಳಿಯುತ್ತಿತ್ತು, ಈಗ ಸುಮ್ಮನಿದ್ದರೆ ಹೆಸರು ಉಳಿಯುತ್ತೆ. ಸರ್ಕಾರಿ ಕಚೇರಿಯಲ್ಲಿ ಸುಮ್ಮನಿರೋದು ಎಷ್ಟು ಸುಲಭ ಅಂತ ಒಂದು ಪಹಣಿ ತಿದ್ದುಪಡಿಗೆ ಓಡಾಡಿದವರಿಗೂ ಗೊತ್ತು.

ನನ್ನ ಮಟ್ಟಿಗೆ ಗೆರೆ ಎಲ್ಲಿ ಎಳೆಯಬೇಕು ಅಂತ ಈಗ ಸ್ಪಷ್ಟವಾಗಿದೆ. ಗುಟ್ಟಾಗಿ ಕಣ್ಣಿಡಲಿ, ಪರವಾಗಿಲ್ಲ. “ನಿನ್ನ ಮೇಲೆ ಕಣ್ಣಿಟ್ಟಿದ್ದೀವಿ” ಅಂತ ಹೇಳಿ ಕಣ್ಣಿಡೋಕೆ ಯಾವ ಪೊಲೀಸರಿಗೂ ಆಗಲ್ಲ. ಆದರೆ ಆ ಪಟ್ಟಿ ಒಬ್ಬನಿಂದ ಏನನ್ನಾದರೂ ಕಿತ್ತುಕೊಂಡ ಕ್ಷಣ, ಅದು ವಿಮಾನವಿರಲಿ, ಬ್ಯಾಂಕ್ ಖಾತೆಯಿರಲಿ, ಅಪ್ಪನ ಮಣ್ಣಿಗೆ ಮುಟ್ಟಬೇಕಾದ ನಾಲ್ಕು ಗಂಟೆಯಿರಲಿ, ಗುಟ್ಟಿನ ಕಾರಣ ಮುಗೀತು. ತಡೆದಾಗಲೇ ಅವನಿಗೆ ಗೊತ್ತಾಯಿತಲ್ಲ! ಆಮೇಲೆ ಅವನಿಗೆ ಹೇಳದೆ ಮುಚ್ಚಿಡೋದರಿಂದ ಕಾಪಾಡಿದಂತಾಗೋದು ದೇಶವನ್ನಲ್ಲ, ತಪ್ಪು ಟಿಕ್ ಹಾಕಿದವನನ್ನ. ಕೆಲವು ಮಾಹಿತಿ ನಿಜಕ್ಕೂ ಹೊರಗೆ ಹೇಳುವಂಥದ್ದಲ್ಲ ಅಂದ್ರೆ, ಅದನ್ನ ನೋಡೋಕೆ ಒಬ್ಬ ಜಡ್ಜ್ ಆದರೂ ಇರಲಿ. ಹೆಸರು ಹಾಕಿದ ಇಲಾಖೆಯೇ ತನ್ನ ತಪ್ಪಿಗೆ ತಾನೇ ಜಡ್ಜ್ ಆಗೋದು ಬೇಡ.

ಅಂದರೆ ನನ್ನ ಗೆಳೆಯ ಕೇಳಿದ ಆ ಮೂರು ಪ್ರಶ್ನೆಗೆ ಉತ್ತರ ಇರಬೇಕು. ಯಾರು ಹಾಕಿದರು, ಯಾಕೆ ಹಾಕಿದರು, ಯಾರನ್ನ ಕೇಳಬೇಕು. ಒಂದು ಸಾಧಾರಣ ಆಫೀಸ್ ಸಾಫ್ಟ್‌ವೇರಿನಲ್ಲಿ ರಜೆ ಅರ್ಜಿ ತಿರಸ್ಕಾರವಾದರೂ ಈ ಮೂರೂ ತೋರಿಸ್ತೀವಿ.

ಕಳೆದ ವರ್ಷ ನಮ್ಮ ಪ್ರಾಜೆಕ್ಟಿನಲ್ಲಿ ಧೈರ್ಯ ಮಾಡಿ ಇದನ್ನೇ ಕೇಳಿದೆ. ಕೆಂಪು ಗುರುತು ಬಿದ್ದ ಪ್ರತಿ ಹೆಸರಿಗೆ ಮೂರು ಹೊಸ ಕಾಲಂ: ಗುರುತು ಖಾಯಂ ಮಾಡಿದವರು, ಕಾರಣ, ಮತ್ತೆ ಪರಿಶೀಲಿಸಬೇಕಾದ ಕೊನೆಯ ದಿನಾಂಕ. ಎರಡು ವಾರ ಚರ್ಚೆಯಾಯಿತು. ಮೊದಲಿನ ಎರಡಕ್ಕೆ ಒಪ್ಪಿದರು. ಮೂರನೆಯದನ್ನೂ ಇಟ್ಟಿದ್ದಾರೆ, ಆದರೆ ತುಂಬಲೇಬೇಕು ಅಂತಿಲ್ಲ. ಕಳೆದ ವಾರ ನೋಡಿದೆ, ಬಹಳ ಕಡೆ ಆ ಕಾಲಂ ಖಾಲಿಯೇ ಇದೆ. ಮತ್ತೆ ಕೇಳಬೇಕು.

ಗೆಳೆಯ ಈ ಸಲ ರಂಜಾನಿಗೆ ಊರಿಗೆ ಬರ್ತಾ ಇದ್ದಾನೆ. ಫೋನ್ ಮಾಡಿದ್ದ. ಮುಂಜಾನೆ ಇಳಿಯೋ ವಿಮಾನಕ್ಕೇ ಟಿಕೆಟ್ ಮಾಡಿಸಿದ್ದಾನಂತೆ. “ಆ ನಾಲ್ಕು ತಾಸು ಹಿಡದೇ ಲೆಕ್ಕ ಹಾಕೀನಿ” ಅಂದ.