ಉಳಿದುಹೋದ ‘ಅಂತೆ’

ಶೇಕ್ಸ್‌ಪಿಯರನ ‘ಕಾಮಿಡಿ ಆಫ್ ಎರರ್ಸ್’ ನಾಟಕದಲ್ಲಿ ಅವಳಿಯೊಬ್ಬನ ಕೈಗೆ ಕೊಟ್ಟ ಚಿನ್ನದ ಸರಕ್ಕಾಗಿ ಇನ್ನೊಬ್ಬನನ್ನು ಹಿಡಿಯುತ್ತಾರೆ. ಅದನ್ನಾಧರಿಸಿದ ಎನ್.ಎಸ್. ಶಂಕರ್ ಅವರ ‘ಉಲ್ಟಾ ಪಲ್ಟಾ’ (1997) ನೋಡಿ ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು. ನಿರಪರಾಧಿಯ ಪಾಡಿಗೆ ನಗುವುದು ತಪ್ಪೇ? ಅಲ್ಲಿ ತಪ್ಪಲ್ಲ. ನಿಜ ನಮಗೆ ಮೊದಲೇ ಗೊತ್ತಿರುತ್ತದೆ. ಕೊನೆಗೆ ಅವಳಿಗಳು ಎದುರುಬದುರು ನಿಂತೇ ನಿಲ್ಲುತ್ತಾರೆ.

2007ರ ಜುಲೈ 2ರಂದು ಬಿಟಿಎಂ ಲೇಔಟಿನಲ್ಲಿ ಮಾವನ ಮನೆಯಿದ್ದ ವೈದ್ಯ ಮುಹಮ್ಮದ್ ಹನೀಫ್ ಆಸ್ಟ್ರೇಲಿಯಾದಲ್ಲಿ ಬಂಧಿತರಾದರು. ಸಂಬಂಧಿಗೆ ಬಿಟ್ಟುಕೊಟ್ಟಿದ್ದ ಅವರ ಸಿಮ್ ಕಾರ್ಡ್ ಗ್ಲಾಸ್ಗೋದಲ್ಲಿ ಉರಿದ ಜೀಪಿನಲ್ಲಿತ್ತು ಎಂದರು. ಸಿಕ್ಕಿದ್ದು ಲಿವರ್‌ಪೂಲಿನಲ್ಲಿ! 27ಕ್ಕೆ ಆರೋಪ ಕೈಬಿಟ್ಟರು. 2010ರಲ್ಲಿ ಪರಿಹಾರವನ್ನೂ ಕೊಟ್ಟರು.

ಇಲ್ಲಿ ನಾವು ಪ್ರೇಕ್ಷಕರಾಗಿರಲಿಲ್ಲ, ಆ ನಾಟಕದೊಳಗಿನ ಊರಿನವರಾಗಿದ್ದೆವು. ಬಿಡುಗಡೆಯಾದ ಮೇಲೂ ‘ಪಾಪ, ಏನೂ ಮಾಡಿರಲಿಲ್ಲವಂತೆ’ ಎಂದೇ ಹೇಳಿಕೊಂಡೆವು. ಆ ‘ಅಂತೆ’ಯನ್ನು ನಾನೂ ಆಡಿದ್ದೇನೆ.