ನೆರೆಯವರ ಅಂಗಳ ದಾಟಿ

ಬೀದಿಗೆ ಇಳಿಯಲು ಪಕ್ಕದ ಮನೆಯ ಅಂಗಳವನ್ನೇ ಹಾಯಬೇಕಾದವರಿಗೆ ನೆರೆಯವರೊಂದಿಗಿನ ಮುನಿಸು ಬರಿಯ ಮುನಿಸಾಗಿ ಉಳಿಯುವುದಿಲ್ಲ. ಅದು ಅಡುಗೆಯ ಒಲೆಯವರೆಗೂ ಬರುತ್ತದೆ. ಕಡಲ ತಡಿಯಿಲ್ಲದ ದೇಶಗಳ ಪಾಡೂ ಅಂಥದೇ. ಪಶ್ಚಿಮ ಆಫ್ರಿಕದ ಮಾಲಿ ಸ್ವತಂತ್ರವಾದ ಬಗೆಯನ್ನು ನೆನೆದಾಗಲೆಲ್ಲ ಒಂದು ಪ್ರಶ್ನೆ ನನ್ನನ್ನು ಕಾಡುತ್ತದೆ: ಇನ್ನೊಬ್ಬರನ್ನು ನೆಚ್ಚಿಕೊಂಡೇ ಬದುಕಬೇಕಾದವರು ಪೂರ್ಣ ಸ್ವತಂತ್ರರಾಗುವುದು ಹೇಗೆ?

ಫ್ರೆಂಚರ ಆಳ್ವಿಕೆಯಲ್ಲಿ ಮಾಲಿಯ ಹೆಸರು ಫ್ರೆಂಚ್ ಸೂಡಾನ್. ನೈಜರ್ ನದಿಯ ದಂಡೆಯ ಬಮಾಕೋದಿಂದ ಅಟ್ಲಾಂಟಿಕ್ ತೀರದಲ್ಲಿ ನೆರೆಯ ಸೆನೆಗಲ್‌ನ ಡಕಾರ್ ಬಂದರಿಗೆ ಸಾವಿರದ ಇನ್ನೂರು ಕಿಲೋಮೀಟರಿಗೂ ಮಿಕ್ಕಿದ ರೈಲುದಾರಿಯಿತ್ತು. ಒಳನಾಡನ್ನು ಹಿಡಿತದಲ್ಲಿಡಲು, ಅಲ್ಲಿನ ಸರಕನ್ನು ಹಡಗಿಗೆ ತಲುಪಿಸಲು ಫ್ರೆಂಚರು ಹಾಕಿಸಿದ ದಾರಿ ಅದು. ಆದರೆ ಆಳುವವರು ತಮ್ಮ ಲಾಭಕ್ಕೆ ಮಾಡಿದ್ದನ್ನು ಆಳಿಸಿಕೊಂಡವರು ತಮ್ಮ ಬಾಳಿಗೆ ಒಗ್ಗಿಸಿಕೊಳ್ಳುವುದುಂಟಲ್ಲವೇ? 1947ರ ಅಕ್ಟೋಬರಿನಲ್ಲಿ ಆಫ್ರಿಕದ ರೈಲ್ವೆ ಕೆಲಸಗಾರರು, ಬಿಳಿಯ ನೌಕರರಿಗೆ ಸಿಗುವ ಸೌಲಭ್ಯ ತಮಗೂ ಸಿಗಬೇಕೆಂದು ಮುಷ್ಕರ ಹೂಡಿದರು. ಸೆನೆಗಲ್‌ನ ಥಿಯೆಸ್‌ನವರೂ ಸೂಡಾನಿನ ಬಮಾಕೋದವರೂ ಒಂದೇ ಮಾತಿಗೆ ನಿಂತು, ಮುಂದಿನ ಮಾರ್ಚ್‌ವರೆಗೆ, ಐದು ತಿಂಗಳಿಗೂ ಹೆಚ್ಚು ಕಾಲ ಹಸಿವನ್ನು ಸಹಿಸಿದರು. ಸಂಬಳವಿಲ್ಲದ ಆ ದಿನಗಳಲ್ಲಿ ಮನೆಗಳನ್ನು ನಡೆಸಿದವರು ಹೆಂಗಸರು. ಸೆಂಬೆನ್ ಉಸ್ಮಾನ್ ತಮ್ಮ ದೊಡ್ಡ ಕಾದಂಬರಿಯೊಂದನ್ನು ಈ ಮುಷ್ಕರದ ಸುತ್ತಲೇ ಬರೆದರು. ಮುಂದೆ ಈ ಎರಡು ನಾಡುಗಳು ಕಟ್ಟಿದ ಒಕ್ಕೂಟ ನನ್ನ ಮಟ್ಟಿಗೆ ಹುಟ್ಟಿದ್ದು ಅಲ್ಲಿ, ಆ ಹಸಿದ ಮನೆಗಳಲ್ಲಿ. ನಾಯಕರು ಅದಕ್ಕೆ ಹೆಸರಿಟ್ಟದ್ದು ಬಹಳ ತಡವಾಗಿ.

ಹೆಸರೇನೋ ಭವ್ಯವಾಗಿತ್ತು. ನೂರಾರು ವರ್ಷಗಳ ಹಿಂದಿನ ಮಾಲಿ ಸಾಮ್ರಾಜ್ಯದ ನೆನಪಿನಲ್ಲಿ ಸೆನೆಗಲ್ ಮತ್ತು ಸೂಡಾನ್ ಕೂಡಿ ‘ಮಾಲಿ ಒಕ್ಕೂಟ’ವಾಗಿ 1960ರ ಜೂನ್ 20ರಂದು ಸ್ವತಂತ್ರವಾದವು. ಸರಿಯಾಗಿ ಎರಡು ತಿಂಗಳಿಗೆ, ಆಗಸ್ಟ್ 20ರಂದು, ಒಕ್ಕೂಟ ಮುರಿಯಿತು. ಸೂಡಾನಿನ ನಾಯಕ ಮೋದಿಬೋ ಕೇಟಾ ಬಿಗಿಯಾದ ಒಂದೇ ಸರ್ಕಾರ ಬಯಸಿದ್ದರು. ಸೆನೆಗಲ್‌ನ ನಾಯಕ ಸೆಂಗೋರ್ ಸಡಿಲವಾದ ಕೂಟ ಸಾಕೆಂದಿದ್ದರು. ಇಬ್ಬರೂ ದೊಡ್ಡವರೇ, ಇಬ್ಬರಿಗೂ ಆಫ್ರಿಕದ ಏಕತೆಯಲ್ಲಿ ನಂಬಿಕೆಯಿತ್ತು. ಆದರೂ ಒಬ್ಬರಿಗೆ ಇನ್ನೊಬ್ಬರ ಅಧಿಕಾರದ ಭಯ. ಪರಕೀಯರ ಎದುರು ಜೊತೆಗೆ ನಿಲ್ಲಬಲ್ಲ ನಾವು ನಮ್ಮವರೊಂದಿಗೆ ಕೂತು ಅಧಿಕಾರ ಹಂಚಿಕೊಳ್ಳುವ ಹೊತ್ತಿಗೆ ಏಕೆ ಇಷ್ಟು ಸಣ್ಣವರಾಗುತ್ತೇವೆ? ಒಕ್ಕೂಟ ಮುರಿದಾಗ ಡಕಾರ್‌ನಲ್ಲಿದ್ದ ಕೇಟಾ ಅವರನ್ನು ಸಂಗಡಿಗರ ಜೊತೆ ರೈಲು ಹತ್ತಿಸಿ ಬಮಾಕೋಗೆ ಸಾಗಹಾಕಲಾಯಿತು. ಐದು ತಿಂಗಳ ಹಸಿವು ಒಂದುಗೂಡಿಸಿದ್ದ ಅದೇ ಹಳಿಗಳ ಮೇಲೆ!

ಸೆಪ್ಟೆಂಬರ್ 22ರಂದು ಸೂಡಾನ್ ತಾನೊಂದೇ ‘ಮಾಲಿ’ ಎಂದು ಸಾರಿಕೊಂಡಿತು. ನೊಂದ ಅಭಿಮಾನದಲ್ಲಿ ಗಡಿಯ ರೈಲನ್ನೂ ನಿಲ್ಲಿಸಿತು. ಕಡಲಿಗಿದ್ದ ತನ್ನ ದಾರಿಯನ್ನು ತಾನೇ ಮುಚ್ಚಿಕೊಂಡ ದೇಶದ ಸರಕು ದಕ್ಷಿಣಕ್ಕೆ ತಿರುಗಿ, ದೂರದ ಅಬಿಜಾನ್ ಬಂದರಿನ ರಸ್ತೆ ಹಿಡಿಯಬೇಕಾಯಿತು. ಆ ಸಿಟ್ಟನ್ನು ಹುಚ್ಚೆಂದು ಬದಿಗೆ ಸರಿಸಲು ನನಗೆ ಮನಸ್ಸಿಲ್ಲ. ಅವಮಾನಿತರಿಗೆ ಬೇಡವೆನ್ನುವ ಹಕ್ಕೊಂದೇ ಸ್ವಾತಂತ್ರ್ಯದಂತೆ ಕಂಡೀತು. ಆದರೆ ಅದರ ಬೆಲೆಯನ್ನು ತೆತ್ತವರು ಶೇಂಗಾ ಬೆಳೆದ ರೈತರು, ಸಂತೆಯ ವ್ಯಾಪಾರಿಗಳು, ಹಳಿಯ ಎರಡೂ ತುದಿಗಳಲ್ಲಿ ನೆಂಟರಿದ್ದ ಕುಟುಂಬಗಳು. 1963ರಲ್ಲಿ ರಾಜಿಯಾಗಿ ರೈಲು ಮತ್ತೆ ಓಡಿತು.

ಇಷ್ಟೆಲ್ಲದರ ನಡುವೆ ನನಗೆ ಮಾಲಿಯ ಬಗ್ಗೆ ಗೌರವ ಮೂಡಿಸುವುದು ಅದರ ಸಂವಿಧಾನದ ಒಂದು ವಿಧಿ. ಆಫ್ರಿಕದ ಏಕತೆಗಾಗಿ ತನ್ನ ಸಾರ್ವಭೌಮತ್ವವನ್ನು ಭಾಗಶಃ ಅಥವಾ ಪೂರ್ತಿಯಾಗಿ ಬಿಟ್ಟುಕೊಡುವ ಒಪ್ಪಂದಕ್ಕೂ ಈ ಗಣರಾಜ್ಯ ಸಿದ್ಧ ಎನ್ನುತ್ತದೆ ಅದು. ಬರೆದದ್ದು ಒಕ್ಕೂಟ ಮುರಿದ 1960ರಲ್ಲೇ, ಗಾಯ ಹಸಿಯಾಗಿರುವಾಗ. 1992ರ ಸಂವಿಧಾನವೂ ಅದನ್ನು ಉಳಿಸಿಕೊಂಡಿತು.