ಬ್ರೇಕಿನಲ್ಲಿ ಸಿಕ್ಕ ಪೆಟ್ರೋಲು

ನಮ್ಮ ರಸ್ತೆಗಳಲ್ಲಿ ಓಡುವ ಸ್ಟ್ರಾಂಗ್ ಹೈಬ್ರಿಡ್ ಕಾರಿಗೆ ಪ್ಲಗ್ ಇಲ್ಲ. ಅದರ ಬ್ಯಾಟರಿಯಲ್ಲಿರುವ ಕರೆಂಟೆಲ್ಲ ನಾವು ಬಂಕಿನಲ್ಲಿ ದುಡ್ಡು ಕೊಟ್ಟು ಹಾಕಿಸಿದ ಪೆಟ್ರೋಲಿನಿಂದಲೇ ಬಂದದ್ದು. ಇಷ್ಟು ತಿಳಿದವರಿಗೆ ಈ ಕಾರಿನ ಅರ್ಧ ಸಂಗತಿ ತಿಳಿದಂತೆ.

*

ಮಾಮೂಲಿ ಪೆಟ್ರೋಲ್ ಕಾರಿನಲ್ಲಿ ಬ್ರೇಕ್ ಒತ್ತಿದರೆ ಅಷ್ಟು ಹೊತ್ತು ಗಳಿಸಿದ ವೇಗವೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಹೈಬ್ರಿಡ್‌ನಲ್ಲಿ ಚಕ್ರವೇ ಮೋಟಾರನ್ನು ತಿರುಗಿಸುತ್ತದೆ, ಮೋಟಾರು ಆ ಹೊತ್ತಿಗೆ ಡೈನಮೋ ಆಗುತ್ತದೆ, ಕರೆಂಟು ಬ್ಯಾಟರಿಗೆ ಸೇರುತ್ತದೆ. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟನ್ನು ಹಳೇ ಮೈಸೂರಿನ ಕಡೆ ಯಾರೂ ಚೆಲ್ಲುವುದಿಲ್ಲ, ಅದೇ ಬಸ್ಸಾರಾಗುತ್ತದೆ. ಈ ಕಾರು ಮಾಡುವುದೂ ಅದನ್ನೇ.

*

ಮೈಲೇಜ್ ಇರುವುದು ಆಕ್ಸಿಲರೇಟರ್‌ನಲ್ಲಿ ಎಂದು ನಮಗೆಲ್ಲ ಡ್ರೈವಿಂಗ್ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರು. ಹೈಬ್ರಿಡ್ ಮನೆಗೆ ಬಂದ ಮೇಲೆ ಗಮನ ಬ್ರೇಕಿನ ಕಡೆ ತಿರುಗುತ್ತದೆ. ದೂರದಲ್ಲಿ ಹಂಪ್ ಕಂಡ ಕೂಡಲೇ ಕಾಲು ತೆಗೆದು, ಬ್ರೇಕನ್ನು ಬೇಗನೆ ಶುರುಮಾಡಿ ಮೆಲ್ಲಗೆ ಒತ್ತುತ್ತ ಹೋದರೆ ಮೀಟರಿನ ಮುಳ್ಳು ಚಾರ್ಜ್ ಪಟ್ಟಿಯೊಳಗೇ ಇರುತ್ತದೆ. ಹಂಪಿನ ಬುಡಕ್ಕೆ ಬಂದು ಗಕ್ಕನೆ ಒತ್ತಿದರೆ ಅದು ಮೋಟಾರಿನ ಕೈ ಮೀರಿದ ಕೆಲಸ. ಬ್ರೇಕ್ ಪ್ಯಾಡುಗಳೇ ಹಿಡಿಯಬೇಕು. ಹಿಡಿದದ್ದೆಲ್ಲ ಬಿಸಿಯಾಗಿ ಹೋಯಿತು.

*

ಮುಂದಿನ ಗಾಡಿಯ ಬೆನ್ನನ್ನೇ ನೋಡುತ್ತ ಓಡಿಸುವವರಿಗೆ ಹೈಬ್ರಿಡ್ ಹೆಚ್ಚೇನೂ ಕೊಡುವುದಿಲ್ಲ. ಅದರಾಚೆಯ ಸಿಗ್ನಲ್ ನೋಡಿ ಓಡಿಸುವವರಿಗೆ ಧಾರಾಳವಾಗಿ ಕೊಡುತ್ತದೆ.

*

ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸುವ ಚಾಳಿ ನಮ್ಮ ಚಾಲಕರಲ್ಲಿ ಬಹಳ ಹಳೆಯದು. ಯಾವ ಕಾರಿನಲ್ಲೂ ಅದು ಅಪಾಯ. ಹೈಬ್ರಿಡ್‌ನಲ್ಲಿ ನಷ್ಟವೂ ಹೌದು, ಏಕೆಂದರೆ ನ್ಯೂಟ್ರಲ್‌ನಲ್ಲಿ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಇಳಿಜಾರು ಪುಕ್ಕಟೆಯಾಗಿ ಕೊಡುತ್ತಿದ್ದದ್ದನ್ನು ನಾವೇ ಬೇಡವೆಂದಂತೆ. ಸಿಗ್ನಲ್ಲಿನಲ್ಲೂ ಅಷ್ಟೇ: ಗೇರು 'ಡಿ'ಯಲ್ಲೇ ಇರಲಿ, ಕಾಲು ಬ್ರೇಕಿನ ಮೇಲಿರಲಿ.

*

ಚಾರ್ಮಾಡಿ ಘಾಟಿಯಲ್ಲಿ ಹೈಬ್ರಿಡ್‌ನ ಗುಣ ಪೂರ್ತಿ ಗೊತ್ತಾಗುತ್ತದೆ. ಕೊಟ್ಟಿಗೆಹಾರ ದಾಟಿ ಇಳಿಯಲು ಶುರುಮಾಡಿದರೆ ಕೆಲವೇ ತಿರುವುಗಳಲ್ಲಿ ಬ್ಯಾಟರಿಯ ಗೀಟುಗಳು ಒಂದರ ಮೇಲೊಂದು ಏರಿ ತುಂಬಿಬಿಡುತ್ತವೆ. ಘಾಟಿ ಇನ್ನೂ ಬಹಳ ಬಾಕಿ ಇದೆ. ಆಗ ಇದ್ದಕ್ಕಿದ್ದಂತೆ ಎಂಜಿನ್ ಜೋರಾಗಿ ಕೂಗತೊಡಗುತ್ತದೆ. ಆಕ್ಸಿಲರೇಟರ್ ಮೇಲೆ ಕಾಲೇ ಇಲ್ಲ, ಆದರೂ ಎಂಜಿನ್ ಸುತ್ತುತ್ತಿದೆ! ಹೊಸಬರು ಗಾಬರಿಯಾಗಿ ರಸ್ತೆ ಬದಿಗೆ ನಿಲ್ಲಿಸಲು ನೋಡುವುದು ಇಲ್ಲೇ. ಗಾಬರಿ ಬೇಡ. ತುಂಬಿದ ಬ್ಯಾಟರಿ ಇನ್ನು ಕರೆಂಟು ತೆಗೆದುಕೊಳ್ಳಲಾರದು. ಹಾಗಾಗಿ ಇಳಿಜಾರಿನ ಶಕ್ತಿಯನ್ನು ಎಂಜಿನ್ ತಿರುಗಿಸುವುದಕ್ಕೆ ಖರ್ಚು ಮಾಡಿ ಕಾರು ತನ್ನ ವೇಗವನ್ನು ಹಿಡಿದಿಡುತ್ತಿದೆ. ಒಳಗೆ ಪೆಟ್ರೋಲ್ ಉರಿಯುತ್ತಿಲ್ಲ. ಟೊಯೊಟಾ ವ್ಯವಸ್ಥೆಯ ಕಾರುಗಳ ಗೇರ್ ಲಿವರಿನಲ್ಲಿ 'ಬಿ' ಎಂದಿರುವುದು ಈ ಕೆಲಸಕ್ಕೇ. ಘಾಟಿಯ ತಲೆಯಲ್ಲೇ ಅದಕ್ಕೆ ಹಾಕಿಕೊಂಡರೆ ಬ್ರೇಕಿನ ಮೇಲಿನ ಭಾರ ಕಡಿಮೆಯಾಗುತ್ತದೆ. ಬಯಲಿನಲ್ಲಿ ಅದರ ಅಗತ್ಯವಿಲ್ಲ.

*

ಅದೇ ಘಾಟಿ ಹತ್ತುವಾಗ ಮಾತು ಬೇರೆ. ಬ್ಯಾಟರಿ ಬೇಗ ಕರಗುತ್ತದೆ, ಆಮೇಲೆ ಎಂಜಿನ್ ಒಂದೇ ದುಡಿಯಬೇಕು. ಮೂರು ಸಿಲಿಂಡರಿನ ಎಂಜಿನ್ ಆದರೆ ಸದ್ದು ಕಿವಿಗೆ ಹಿತವಾಗಿರುವುದಿಲ್ಲ. ಇದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು.

*

ಟೊಯೊಟಾದ ಹೈರೈಡರ್, ಮಾರುತಿಯ ಗ್ರ್ಯಾಂಡ್ ವಿಟಾರಾಗಳ ಹೈಬ್ರಿಡ್ ಬ್ಯಾಟರಿ ಹಿಡಿಯುವುದು ಸುಮಾರು 0.76 ಯೂನಿಟ್. ಬೆಸ್ಕಾಂ ಬಿಲ್ಲಿನ ಲೆಕ್ಕದಲ್ಲಿ ಪೂರ್ತಿ ಒಂದು ಯೂನಿಟ್ಟೂ ಇಲ್ಲ. ಆದರೆ ಬೆಂಗಳೂರಿನ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಒಂದು ಸಂಜೆಯಲ್ಲಿ ಅದು ಎಷ್ಟು ಸಲ ಸ್ವಲ್ಪ ತುಂಬಿ ಸ್ವಲ್ಪ ಖಾಲಿಯಾಗುತ್ತದೆ ಎಂಬುದಕ್ಕೆ ಲೆಕ್ಕವಿಲ್ಲ. ಎಷ್ಟು ಹಿಡಿಯುತ್ತದೆ ಎನ್ನುವುದಕ್ಕಿಂತ ಎಷ್ಟು ಸಲ ಕೊಟ್ಟು ತೆಗೆದುಕೊಳ್ಳುತ್ತದೆ ಎನ್ನುವುದರಲ್ಲಿ ಅದರ ಹೆಚ್ಚುಗಾರಿಕೆ ಇದೆ.

*

ಸಿಗ್ನಲ್ಲಿನಲ್ಲಿ ಎಂಜಿನ್ ತಾನಾಗಿ ನಿಂತಾಗ ಹಿಂದಿನ ಸೀಟಿನಿಂದ ಪ್ರಶ್ನೆ ಬಂದೇ ಬರುತ್ತದೆ: "ಯಾಕಪ್ಪಾ, ಗಾಡಿ ಆಫ್ ಆಯ್ತಾ?" "ಇಲ್ಲ ಅತ್ತೆ, ಎಸಿ ಬರ್ತಿದೆ ನೋಡಿ." ಎಸಿಯ ಕಂಪ್ರೆಸರೂ ಕರೆಂಟಿನಿಂದಲೇ ಓಡುವುದರಿಂದ ತಂಪು ನಿಲ್ಲುವುದಿಲ್ಲ. ಹಾಗೆಂದು ಆ ತಂಪು ಪುಕ್ಕಟೆ ಎಂದುಕೊಳ್ಳಬಾರದು. ಮೇ ತಿಂಗಳ ರಾಯಚೂರಿನಲ್ಲಿ ನಿಂತಲ್ಲೇ ಎಸಿ ಓಡಿಸಿ ನೋಡಿ, ಎಂಜಿನ್ ಮತ್ತೆ ಮತ್ತೆ ಎದ್ದು ಬರುತ್ತದೆ.

*

ಸದ್ದಿಲ್ಲದ ಕಾರು ಓಡಿಸುವವರಿಗೆ ಸುಖ, ನಡೆಯುವವರಿಗೆ ಅಪಾಯ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಆಡುವ ಮಕ್ಕಳು, ಬೆಳಗಿನ ವಾಕಿಂಗ್ ಹೊರಟ ಹಿರಿಯರು, ನೆರಳಿಗೆಂದು ಕಾರಿನಡಿ ಮಲಗಿದ ಬೀದಿನಾಯಿ, ಇವರೆಲ್ಲ ಎಂಜಿನ್ ಸದ್ದು ಕೇಳಿಯೇ ಪಕ್ಕಕ್ಕೆ ಸರಿದು ಅಭ್ಯಾಸವಾದವರು. ಹೊರಡುವ ಮೊದಲು ಒಮ್ಮೆ ಬಗ್ಗಿ ಕಾರಿನಡಿ ನೋಡುವುದು, ತಿರುವಿನಲ್ಲಿ ನಡೆಯುವ ವೇಗಕ್ಕೆ ಇಳಿಯುವುದು, ಹೈಬ್ರಿಡ್ ಮಾಲೀಕರ ಮೊದಲ ಕರ್ತವ್ಯ. ಮೈಲೇಜಿನ ಮಾತು ಆಮೇಲೆ.

*

ಇದಕ್ಕಿಂತ ಗಂಭೀರವಾದ ಇನ್ನೊಂದು ವಿಷಯ. ಸದ್ದಿಲ್ಲವೆಂದು ಕಾರು ಆಫ್ ಆಗಿದೆ ಎಂದುಕೊಂಡು ಇಳಿದು ಹೋಗುವವರಿದ್ದಾರೆ. 'ರೆಡಿ' ದೀಪ ಉರಿಯುತ್ತಿದ್ದರೆ ಕಾರು ಆನ್‌ನಲ್ಲೇ ಇದೆ. ಬ್ಯಾಟರಿ ಇಳಿದಾಗ ಎಂಜಿನ್ ತಾನಾಗಿ ಶುರುವಾಗುತ್ತದೆ. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಆ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯಬಲ್ಲದು. ಇಳಿಯುವ ಮುನ್ನ ದೀಪ ನೋಡಿ. ಮನೆಯಲ್ಲಿ ಆ ಕಾರು ಓಡಿಸುವ ಎಲ್ಲರಿಗೂ ಇದನ್ನು ಹೇಳಿ.

*

ಬೀದಿ ಕೊನೆಯ ಅಂಗಡಿಯಿಂದ ಹಾಲು ತರಲು ಹೈಬ್ರಿಡ್ ತೆಗೆದರೆ ಅದರ ಮೈಲೇಜ್ ಮಾಮೂಲಿ ಕಾರಿಗಿಂತ ಹೆಚ್ಚೇನೂ ಇರುವುದಿಲ್ಲ. ತಣ್ಣಗಿದ್ದ ಎಂಜಿನ್ ಬಿಸಿಯಾಗಲು, ಹೊಗೆ ಶುದ್ಧಮಾಡುವ ಕನ್ವರ್ಟರ್ ಕಾಯಲು ಮೊದಲ ಕೆಲವು ನಿಮಿಷ ಎಂಜಿನ್ ಓಡಲೇಬೇಕು. ಅಷ್ಟರಲ್ಲಿ ಹಾಲು ಕೊಂಡು ವಾಪಸು ಬಂದಿರುತ್ತೀರಿ. ಅಷ್ಟು ದೂರಕ್ಕೆ ನಡೆದು ಹೋಗುವುದೇ ಸರಿ.

*

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 100ರ ಮಿತಿಗೆ ಅಂಟಿಕೊಂಡೇ ಓಡಿದರೂ ಹೈಬ್ರಿಡ್ ತನ್ನ ಹೆಚ್ಚುಗಾರಿಕೆಯನ್ನು ಬಹಳಷ್ಟು ಕಳೆದುಕೊಳ್ಳುತ್ತದೆ. ಬ್ರೇಕ್ ಒತ್ತುವ ಪ್ರಸಂಗವೇ ಇಲ್ಲದಿದ್ದರೆ ಹಿಡಿದಿಡಲು ಏನಿದೆ? ವೇಗ ಹೆಚ್ಚಿದಷ್ಟೂ ಗಾಳಿಯ ತಡೆ ಅದರ ವರ್ಗದಷ್ಟು ಏರುತ್ತದೆ. ಗಾಳಿಗೆ ಕೊಟ್ಟದ್ದನ್ನು ಯಾವ ಮೋಟಾರೂ ವಾಪಸು ತರುವುದಿಲ್ಲ. ಎಂಬತ್ತರ ಆಸುಪಾಸಿನಲ್ಲಿ ಓಡಿಸಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

*

ಎಂಜಿನ್ ಒಂದು, ಮೋಟಾರು ಎರಡು. ಟೊಯೊಟಾದ ಹೈಬ್ರಿಡ್‌ನಲ್ಲಿ ಮೂರನ್ನೂ ಬೆಸೆಯುವುದು ಒಂದು ಗೇರ್ ಕೂಟ. ನಡುವೆ ಸೂರ್ಯ, ಸುತ್ತ ಗ್ರಹಗಳು, ಹೊರಗೊಂದು ಉಂಗುರ ಎಂದೇ ಆ ಗೇರುಗಳ ಹೆಸರು. ಕ್ಲಚ್ ಇಲ್ಲ, ಸ್ಟಾರ್ಟರ್ ಮೋಟಾರ್ ಇಲ್ಲ, ಆಲ್ಟರ್ನೇಟರ್ ಇಲ್ಲ. ಹೈಬ್ರಿಡ್ ಎಂದರೆ ಎರಡು ಪಟ್ಟು ಭಾಗಗಳು, ಎರಡು ಪಟ್ಟು ರಿಪೇರಿ ಎಂಬ ಹೆದರಿಕೆ ಬಹಳ ಜನರಿಗಿದೆ. ಸವೆಯುವ ಭಾಗಗಳ ಪಟ್ಟಿ ಮಾಡಿ ನೋಡಿದರೆ ಅದು ಮಾಮೂಲಿ ಕಾರಿನ ಪಟ್ಟಿಗಿಂತ ಚಿಕ್ಕದೇ. ಬ್ರೇಕ್ ಪ್ಯಾಡುಗಳಂತೂ ಬಹಳ ಕಾಲ ಬಾಳುತ್ತವೆ. ಮಳೆಗಾಲದಲ್ಲಿ ಕರಾವಳಿಯವರು ಮಾತ್ರ ಒಂದು ನೆನಪಿಡಬೇಕು: ಕಡಿಮೆ ಉಜ್ಜಾಟವಿರುವ ಡಿಸ್ಕಿಗೆ ತುಕ್ಕು ಬೇಗ ಹಿಡಿಯುತ್ತದೆ. ಬೆಳಿಗ್ಗೆ ಮೊದಲ ಬ್ರೇಕಿಗೆ ಕೇಳುವ ಕರಕರ ಸದ್ದು ಅದೇ.

*

ಈ ಕಾರುಗಳ ಎಂಜಿನ್ನನ್ನು ಬೇಕೆಂದೇ ಸ್ವಲ್ಪ ಮೆತ್ತಗೆ ಮಾಡಿರುತ್ತಾರೆ. ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ಎಂಜಿನಿಯರ್ ಜೇಮ್ಸ್ ಅಟ್ಕಿನ್ಸನ್ ಅವರ ಹೆಸರಿನ ಪದ್ಧತಿ ಅದು. ಉರಿದ ಅನಿಲ ಪೂರ್ತಿ ಹಿಗ್ಗಿ ದುಡಿಯುವವರೆಗೂ ಬಿಡುತ್ತಾರೆ, ಪೆಟ್ರೋಲಿನಿಂದ ಹೆಚ್ಚು ಕೆಲಸ ತೆಗೆಯುತ್ತಾರೆ. ಹೊರಡುವಾಗಿನ ಪಿಕಪ್ ಇದರಿಂದ ಕಡಿಮೆಯಾಗುತ್ತದೆ. ಆ ಕೊರತೆಯನ್ನು ನಿಂತಲ್ಲಿಂದಲೇ ಎಳೆಯಬಲ್ಲ ಮೋಟಾರು ತುಂಬುತ್ತದೆ. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿ ನಡೆಸುವ ಈ ಸಂಸಾರವನ್ನು ನಾನು ಮನಸಾರೆ ಮೆಚ್ಚುತ್ತೇನೆ.

*

ದೊಡ್ಡ ಬ್ಯಾಟರಿಗೆ ಹೆದರುವವರು ಚಿಕ್ಕದನ್ನು ಮರೆಯುತ್ತಾರೆ. ಕಾರು ಎದ್ದು 'ರೆಡಿ' ಎನ್ನಲು ಬೇಕಿರುವುದು ಮಾಮೂಲಿ 12 ವೋಲ್ಟಿನ ಬ್ಯಾಟರಿ. ಊರಿಗೆ ಹೋಗಿ ವಾರಗಟ್ಟಲೆ ಕಾರು ನಿಲ್ಲಿಸಿದರೆ ಅದೇ ಮೊದಲು ಸೋಲುತ್ತದೆ. ಆಗಾಗ ಯಾರಾದರೂ ಒಂದು ಸುತ್ತು ಓಡಿಸುವಂತೆ ನೋಡಿಕೊಳ್ಳಿ.

*

ಹಲವು ಹೈಬ್ರಿಡ್ ಕಾರುಗಳಲ್ಲಿ ಹಿಂದಿನ ಸೀಟಿನ ಹತ್ತಿರ ಒಂದು ಜಾಲರಿ ಇರುತ್ತದೆ. ಬಹಳ ಜನ ಅದನ್ನು ಎಸಿಯದೆಂದು ತಿಳಿಯುತ್ತಾರೆ. ಬ್ಯಾಟರಿ ಉಸಿರಾಡುವುದು ಅದರಿಂದಲೇ. ಹೊದಿಕೆ, ಬ್ಯಾಗು, ಮದುವೆಮನೆಯಿಂದ ತಂದ ತಾಂಬೂಲದ ಚೀಲ, ಯಾವುದನ್ನೂ ಅದಕ್ಕೆ ಒತ್ತಿ ಇಡಬೇಡಿ. ಸರ್ವೀಸಿಗೆ ಬಿಟ್ಟಾಗ ಅದರ ಫಿಲ್ಟರ್ ಧೂಳು ತೆಗೆಯಿರೆಂದು ಬಾಯಿಬಿಟ್ಟು ಕೇಳಿ. ಬಿಸಿಯಾದ ಬ್ಯಾಟರಿಯ ಆಯಸ್ಸು ಕಡಿಮೆ.

*

"ಬ್ಯಾಟರಿ ಹೋದರೆ ಏನು ಗತಿ?" ಹೈಬ್ರಿಡ್ ಕೊಂಡವರನ್ನು ನೆಂಟರಿಷ್ಟರೆಲ್ಲ ಕೇಳುವ ಪ್ರಶ್ನೆ. ಇಲ್ಲಿನ ಟೊಯೊಟಾ ಹೈಬ್ರಿಡ್‌ಗಳ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರಿನ ವಾರಂಟಿ ಇದೆ. ನ್ಯೂಯಾರ್ಕ್, ವ್ಯಾಂಕೂವರ್‌ಗಳಲ್ಲಿ ಟೊಯೊಟಾದ ಪ್ರಿಯಸ್ ಹೈಬ್ರಿಡ್‌ಗಳು ಟ್ಯಾಕ್ಸಿಯಾಗಿ ವರ್ಷಗಟ್ಟಲೆ ಹಗಲಿರುಳು ದುಡಿದಿವೆ. ಬ್ಯಾಟರಿಯನ್ನು ತೀರ ತುಂಬಲು, ತೀರ ಖಾಲಿಯಾಗಲು ಕಾರು ಬಿಡದಿರುವುದೇ ಅದರ ಬಾಳಿಕೆಯ ಗುಟ್ಟು.

*

ಜಪಾನಿನಲ್ಲಿ ಮೊದಲ ಪ್ರಿಯಸ್ ಮಾರಾಟಕ್ಕೆ ಬಂದದ್ದು 1997ರ ಡಿಸೆಂಬರಿನಲ್ಲಿ. ನಮ್ಮ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಂಪನಿ ಹುಟ್ಟಿದ್ದೂ ಅದೇ ವರ್ಷ. ಹೈಬ್ರಿಡ್ ಕಾರು, ಈ ಕಂಪನಿ ಎರಡೂ ಕೂಡಿಬರಲು ಬಹಳ ಕಾಲ ಹಿಡಿಯಿತು. 2008ರಲ್ಲಿ ಹೋಂಡಾ ಸಿವಿಕ್ ಹೈಬ್ರಿಡ್ ನಮ್ಮ ದೇಶಕ್ಕೆ ಬಂದಾಗ ಅದರ ಬೆಲೆ ಮಧ್ಯಮ ವರ್ಗದವರಿಗೆ ಎಟುಕುವಂತಿರಲಿಲ್ಲ. 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಬಿಡದಿಯಲ್ಲೇ ತಯಾರಾಗತೊಡಗಿತು, ಅದೂ ಸಿರಿವಂತರ ಕಾರು. 2022ರಲ್ಲಿ ಹೈರೈಡರ್, ಗ್ರ್ಯಾಂಡ್ ವಿಟಾರಾ, ಇನ್ನೋವಾ ಹೈಕ್ರಾಸ್ ಬಂದ ಮೇಲೆ ಸಂಬಳದ ಜನ ಹೈಬ್ರಿಡ್ ಕಡೆ ನೋಡಿದರು. ತಟ್ಟೆ ಇಡ್ಲಿಗೆ ಹೆಸರಾದ ಊರು ಈಗ ದೇಶಕ್ಕೆಲ್ಲ ಹೈಬ್ರಿಡ್ ಕಳಿಸುತ್ತಿರುವುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

*

ಜಾಹೀರಾತಿನಲ್ಲಿ ಹೈಬ್ರಿಡ್ ಎಂದಿದ್ದರೆ ಸಾಲದು, ಮೈಲ್ಡೋ ಸ್ಟ್ರಾಂಗೋ ಕೇಳಿ. ಮೈಲ್ಡ್‌ನಲ್ಲಿ ಮೋಟಾರು ಎಂಜಿನ್ನಿಗೆ ಕೊಂಚ ಕೈಜೋಡಿಸುತ್ತದೆ, ತಾನೇ ಕಾರನ್ನು ಎಳೆಯುವುದಿಲ್ಲ. ಇಲ್ಲಿ ಹೇಳುತ್ತಿರುವ ಗುಣಗಳೆಲ್ಲ ಸ್ಟ್ರಾಂಗ್ ಹೈಬ್ರಿಡ್‌ನವು.

*

ಲೆಕ್ಕ ಹಾಕದೆ ಹೈಬ್ರಿಡ್ ಕೊಳ್ಳಬಾರದು. ಊರೊಳಗೆ ಪೆಟ್ರೋಲ್ ಕಾರು ಲೀಟರಿಗೆ 12, ಹೈಬ್ರಿಡ್ 20 ಕೊಡುತ್ತದೆ, ಪೆಟ್ರೋಲಿಗೆ ₹100 ಎಂದಿಟ್ಟುಕೊಳ್ಳಿ. ತಿಂಗಳಿಗೆ 1,000 ಕಿಲೋಮೀಟರ್ ಓಡಿಸುವವರಿಗೆ ವರ್ಷಕ್ಕೆ ಉಳಿಯುವುದು ಸುಮಾರು ₹40,000. ಹೈಬ್ರಿಡ್‌ಗೆಂದು ಮೂರು ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ವಾಪಸು ಬರಲು ಏಳೂವರೆ ವರ್ಷ ಬೇಕು. 2,000 ಓಡಿಸುವವರಿಗೆ ನಾಲ್ಕು ವರ್ಷದೊಳಗೆ ಬರುತ್ತದೆ. ವಾರಕ್ಕೊಮ್ಮೆ ದೇವಸ್ಥಾನಕ್ಕೆ, ತಿಂಗಳಿಗೊಮ್ಮೆ ಊರಿಗೆ ಹೋಗುವ ಮನೆಗೆ ಈ ಕಾರು ದುಬಾರಿ.

*

2025ರ ಸೆಪ್ಟೆಂಬರ್ 21ರವರೆಗೆ ನಾಲ್ಕು ಮೀಟರಿಗಿಂತ ಉದ್ದದ ಹೈಬ್ರಿಡ್ ಕಾರಿಗೆ ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇ 43 ತೆರಿಗೆ ಇತ್ತು. ಆಮೇಲೆ ಶೇ 40 ಆಯಿತು. ವಿದ್ಯುತ್ ಕಾರಿಗೆ ಶೇ 5. ಪೂರ್ತಿ ವಿದ್ಯುತ್ತಿನ ಕಾರಿಗೆ ಹೆಚ್ಚು ರಿಯಾಯಿತಿ ಸಿಗಬೇಕು, ನಿಜ. ಆದರೆ ಕಡಿಮೆ ಪೆಟ್ರೋಲ್ ಕುಡಿಯುವ ದೊಡ್ಡ ಕಾರಿಗೂ ಹೆಚ್ಚು ಕುಡಿಯುವ ದೊಡ್ಡ ಕಾರಿಗೂ ಒಂದೇ ತೆರಿಗೆ ಹಾಕುವುದು ನ್ಯಾಯವಲ್ಲ. ಉತ್ತರ ಪ್ರದೇಶ 2024ರಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗಳ ನೋಂದಣಿ ತೆರಿಗೆ ಬಿಟ್ಟುಕೊಟ್ಟಿತು. ಇವು ತಯಾರಾಗುವ ಕರ್ನಾಟಕವೂ ಈ ಬಗ್ಗೆ ಯೋಚಿಸಬೇಕು.

*

ಮನೆಯಲ್ಲಿ ಚಾರ್ಜಿಂಗ್‌ಗೆ ಜಾಗವಿದ್ದು, ಓಡಾಟವೆಲ್ಲ ಊರೊಳಗೇ ಇದ್ದರೆ ವಿದ್ಯುತ್ ಕಾರೇ ಕೊಳ್ಳಿ, ಹೈಬ್ರಿಡ್ ಬೇಡ. ಬಾಡಿಗೆ ಮನೆ, ಬೀದಿಯಲ್ಲಿ ಪಾರ್ಕಿಂಗ್, ಹಬ್ಬಕ್ಕೆ ಶಿರಸಿಗೋ ಬೀದರಿಗೋ ದೂರದ ಪ್ರಯಾಣ ಇರುವವರಿಗೆ ಸದ್ಯಕ್ಕೆ ಹೈಬ್ರಿಡ್ ಸರಿಯಾದ ಆಯ್ಕೆ.

*

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಹೈಬ್ರಿಡ್ ಆ ಲೀಟರನ್ನು ಹೆಚ್ಚು ದೂರ ಎಳೆಯುತ್ತದೆ, ಅಷ್ಟೇ. ಮೈಲೇಜ್ ಚೆನ್ನಾಗಿದೆಯೆಂದು ಬೇಡದ ಓಡಾಟ ಹೆಚ್ಚಿಸಿದರೆ ಉಳಿಸಿದ್ದೆಲ್ಲ ಅಲ್ಲಿಗೇ ಹೋಯಿತು. ಮೆಟ್ರೊ ಹೋಗುವ ಕಡೆ ಮೆಟ್ರೊದಲ್ಲೇ ಹೋಗಿ.

*

ಹೈರೈಡರ್, ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ಗಳಿಗೆ ಕಂಪನಿ ಹೇಳುವ ಲೀಟರಿಗೆ 27.97 ಕಿಲೋಮೀಟರ್ ಎಂಬುದು ಪ್ರಯೋಗಾಲಯದ ಅಂಕಿ. ಶೋರೂಮಿನವರು ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಟೆಸ್ಟ್ ಡ್ರೈವ್ ಕೊಡುತ್ತೇವೆಂದರೆ ಒಪ್ಪಬೇಡಿ. ವಾರದ ದಿನ, ಸಂಜೆ ಆರರ ಹೊತ್ತಿಗೆ, ನೀವು ದಿನಾ ಓಡಾಡುವ ದಾರಿಯಲ್ಲೇ, ಮನೆಯವರನ್ನೆಲ್ಲ ಕೂರಿಸಿಕೊಂಡು, ಎಸಿ ಹಾಕಿ ಓಡಿಸಿ. ಹೊರಡುವಾಗ ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ವಾಪಸು ಬಂದಾಗ ಅದು ತೋರಿಸುವ ಮೈಲೇಜಿನ ಮೇಲೆ ನಿಮ್ಮ ಲೆಕ್ಕ ಹಾಕಿ, ಆಮೇಲೆ ಮುಂಗಡ ಕೊಡಿ.